ಎತ್ತುವವನ ಬೆನ್ನು

ಮೂರನೇ ಸಲವೂ ದನಿ ಕೆಳಕ್ಕೇ ಇಳಿಯಿತು. ಗಾಜಿನಾಚೆ ಕೂತಿದ್ದ ಹುಡುಗಿ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಟೈಲರನ ಕಿವಿಗೆ ಹಾಕಿದ್ದ ಹೆಡ್‌ಫೋನಿನೊಳಗೆ, ತಲೆಯೊಳಗೇ ಯಾರೋ ಕೂತು ಹೇಳಿದ ಹಾಗೆ, "ಪರವಾಗಿಲ್ಲ ತಾತ, ಇನ್ನೊಂದ್ಸಲ ನೋಡೋಣ" ಎಂಬ ಮಾತು ಬಂತು. ಹತ್ತೂವರೆಗೆ ಬಂದಾಗ ಸರ್ ಆಗಿದ್ದವನು ಹನ್ನೊಂದೂಕಾಲಿಗೆ ತಾತ ಆಗಿದ್ದ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ, ಅರವತ್ತೇಳು ವರ್ಷದವನನ್ನು ತಾತ ಅನ್ನದೆ ಇನ್ನೇನನ್ನುತ್ತಾರೆ. ಆದರೂ ಬೆರಳಲ್ಲಿ ಮುರಿದುಕೊಂಡ ಸೂಜಿಮೊನೆಯ ಹಾಗೆ ಆ ಮಾತು ಒಳಗೆಲ್ಲೋ ಉಳಿದುಕೊಂಡಿತು. ಕೋಣೆಯ ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ್ದರು. ಸ್ಪಂಜಿನ ಮೇಲಿನ ಬಟ್ಟೆಯನ್ನು ಯಾರೋ ಕೆಲಸ ಗೊತ್ತಿಲ್ಲದವರು ಎಳೆದಿದ್ದರು, ಮೂಲೆಯಲ್ಲಿ ನೆರಿಗೆ ಬಿದ್ದು ಉಬ್ಬಿಕೊಂಡಿತ್ತು, ಬೆಳಗಿನಿಂದ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆ ಕೋಣೆಯಲ್ಲಿ ದನಿ ಬಿಟ್ಟರೆ ವಾಪಸು ಬರುತ್ತಿರಲಿಲ್ಲ. ಕೂತಿದ್ದ ಕುರ್ಚಿಗೆ ಚಕ್ರ ಇತ್ತು, ಮೆತ್ತನೆಯ ಒರಗು ಇತ್ತು, ಒರಗಿದರೆ ಅದು ಹಿಂದಕ್ಕೆ ಬಾಗುತ್ತಿತ್ತು. ಬೆನ್ನಿಗೆ ಏನೂ ಸಿಗುತ್ತಿರಲಿಲ್ಲ. ಅದನ್ನು ಆ ಹುಡುಗಿಗೆ ಹೇಳಿದರೆ ಅವಳು ಬೇರೆ ಕುರ್ಚಿ ತರಿಸುತ್ತಿದ್ದಳು, ಅಷ್ಟೆ.

ಹಳೆಯ ಹಾಡುಗಳನ್ನು ಕೂಡಿಡುವ ಕಚೇರಿ ಅದು. ಹುಡುಗಿ ಒಳ್ಳೆಯವಳು, ಬಂದ ಕೂಡಲೇ ನೀರು ಕೊಟ್ಟಿದ್ದಳು, ಕೆಲಸ ಹೇಗೆಂದು ಬಿಡಿಸಿ ಹೇಳಿದ್ದಳು. ಜೋಡಿ ಹಾಡಿಗೆ ಇಬ್ಬರು ಬೇಕು, ಇನ್ನೊಬ್ಬರಿಗೆ ಹುಷಾರಿಲ್ಲ ಅಂತ ಗೊತ್ತು, ಅದಕ್ಕೇನಂತೆ, ಮೊದಲು ನೀವೇ ಅವರ ಸಾಲು ಹಾಡಿ, ಅದನ್ನು ಹಿಡಿದಿಟ್ಟು ನಿಮ್ಮ ಕಿವಿಗೇ ಕೇಳಿಸ್ತೀನಿ, ಆಮೇಲೆ ನಿಮ್ಮ ಜೊತೆ ನೀವೇ ಹಾಡಿಬಿಡಿ, ಕೇಳೋರಿಗೆ ಇಬ್ಬರ ಹಾಗೇ ಇರುತ್ತೆ. ಅವಳು ಹೇಳುವಾಗ ಅದು ಎಷ್ಟು ಸಲೀಸಾಗಿತ್ತು ಅಂದರೆ ಟೈಲರ್ ತಲೆಯಾಡಿಸಿಬಿಟ್ಟಿದ್ದ. ಹೊಳೆ ದಾಟುವ ಹಾಡು, ಇಪ್ಪತ್ತೆರಡು ಜೋಡಿ ಸಾಲು, ಐವತ್ತೆರಡು ವರ್ಷ ಹಾಡಿದ್ದು. ಬಾರದೇ ಇರುತ್ತದೆಯೇ? ಮೊದಲ ಸಾಲಿನ ಮಾತು ಬಾಯಿಗೆ ಬಂತು. 'ಆಚೆ ದಡದಲಿ ದೀಪ ಹಿಡಿದು ನಿಂತವರ್ಯಾರು.' ಮಾತು ಇತ್ತು, ಆದರೆ ಅದನ್ನು ಮೇಲಕ್ಕೆ ಎತ್ತಬೇಕಾದ ಜಾಗ ಎಲ್ಲಿ ಅಂತ ಗಂಟಲಿಗೆ ಗೊತ್ತಿರಲಿಲ್ಲ. 'ದೀಪ'ದ ಹತ್ತಿರ ಬಂದ ಕೂಡಲೇ ದನಿ ತನ್ನ ಪಾಡಿಗೆ ತಾನು, ಸಂಜೆ ದನ ಕೊಟ್ಟಿಗೆಗೆ ತಿರುಗುವ ಹಾಗೆ, ಕೆಳಗಿನ ಸಾಲಿಗೆ ತಿರುಗಿಕೊಂಡಿತು. 'ಅವಳೇ ಇರಬೇಕು, ಹೆಜ್ಜೆ ಹಗುರ.' ಅದು ಅವನ ಸಾಲು. ಎರಡನೇ ಜೋಡಿ ಹಿಡಿದರೂ ಅದೇ ಗತಿ. 'ನೀರು ಇಳಿದಿದೆ, ಈಗ ದಾಟು.' ಮೂರನೆಯದು, 'ಬಾಗಿಲು ಹಾಕಿಲ್ಲ, ಬರೇ ಮುಚ್ಚಿದೆ.' ಇಪ್ಪತ್ತೆರಡು ಉತ್ತರವೂ ಅವನಲ್ಲಿದ್ದವು, ಕೇಳಿದವರು ಹೇಗೆ ಕೇಳಿದರು ಎಂಬುದು ಮಾತ್ರ ಇರಲಿಲ್ಲ.

ಅವರಿಬ್ಬರಿಗೂ ಕಲಿಸಿದ್ದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ಮುದುಕಿ. ಗಿರಣಿಯ ಹಿಂದಿನ ಅಂಗಳದಲ್ಲಿ, ಖಾಲಿ ಚೀಲಗಳ ಮೇಲೆ, ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸುತ್ತಿದ್ದಳು. ಅವನಿಗೆ ಹದಿನಾಲ್ಕು, ಮುಂದೆ ಬಸ್ ಕಂಡಕ್ಟರ್ ಆಗಿ ಊರಿಗೆಲ್ಲ ಕಂಡಕ್ಟರ್ ಅಂತಲೇ ಆದವನಿಗೆ ಆಗ ಹದಿನಾರು. ಕಂಡಕ್ಟರ್ ಸಾಲು ಎತ್ತುವವನು, ಇವನು ಉತ್ತರ ಹಿಡಿಯುವವನು. ಎತ್ತಿದ ಸಾಲು ಮುಗಿಯುವ ಮೊದಲೇ, ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ, ಹಿಡಿಯುವವನು ಹಿಡಿಯಬೇಕು, ನಡುವೆ ಒಂದು ಕೂದಲೆಳೆಯಷ್ಟೂ ಸಂದು ಕಾಣಬಾರದು. ಮುಖ ನೋಡಿಕೊಂಡು ಹಾಡಿದರೆ ಕಣ್ಣು ಸುಳ್ಳು ಹೇಳುತ್ತದಂತೆ, ಬೆನ್ನು ಹೇಳುವುದಿಲ್ಲವಂತೆ. ಎತ್ತುವವನ ಪಕ್ಕೆಲುಬು ಯಾವಾಗ ಖಾಲಿಯಾಗುತ್ತದೆ ಅಂತ ಬೆನ್ನಿಗೆ ತಿಳಿಯುತ್ತದೆ. ಅವನ ಉಸಿರು ಸಾಲದೆ ಹೋದರೆ ಹಿಡಿಯುವವನು ಬರೀ 'ಓ' ಅಂತ ಅವನ ದನಿಯಲ್ಲೇ ತುಂಬಿ ಕೊಡಬೇಕು, ಕೇಳುವವರಿಗೆ ಗೊತ್ತೇ ಆಗಬಾರದು, ಇದಕ್ಕೆ ಆ ಮುದುಕಿ ತುಂಬುವುದು ಅನ್ನುತ್ತಿದ್ದಳು. ಇನ್ನೊಂದು ಕಟ್ಟುನಿಟ್ಟು ಇತ್ತು. ಹಿಡಿಯುವವನು ಯಾವತ್ತೂ, ತಮಾಷೆಗೂ, ಎತ್ತಬಾರದು. ಎತ್ತುವುದನ್ನು ಕಲಿತರೆ ಮುಂದೇನು ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ, ಆಮೇಲೆ ಕೇಳುವುದನ್ನು ಬಿಟ್ಟು ಕಾಯುವುದಕ್ಕೆ ಶುರು ಮಾಡುತ್ತೀಯ ಅಂದಿದ್ದಳು. ಒಮ್ಮೆ ಅವನು ದಾರಿಯಲ್ಲಿ ಎತ್ತುವ ಸಾಲನ್ನು ಗುನುಗುತ್ತಿದ್ದದ್ದು ಅವಳ ಕಿವಿಗೆ ಬಿದ್ದು, ಹಿಟ್ಟು ಮೆತ್ತಿದ ಕೈಯಲ್ಲಿ ಕೆನ್ನೆಗೆ ಬಿಟ್ಟಿದ್ದಳು. ಬಿಳಿ ಕೆನ್ನೆಯಲ್ಲೇ ಮನೆಗೆ ಹೋಗಿದ್ದ. ಅಂದಿನಿಂದ ಇಂದಿನವರೆಗೆ ಕತ್ತರಿ ಆಡಿಸುವಾಗಲೂ, ಸ್ನಾನ ಮಾಡುವಾಗಲೂ ಅವನ ಬಾಯಲ್ಲಿ ಬಂದದ್ದು ಬರೀ ಉತ್ತರವೇ. ಮದುವೆಯಾದ ಹೊಸದರಲ್ಲಿ ಹೆಂಡತಿ, ಇದೇನ್ರೀ ನಿಮ್ಮದು, ಫೋನಲ್ಲಿ ಒಂದು ಕಡೆಯವರ ಮಾತು ಮಾತ್ರ ಕೇಳಿಸ್ಕೊಂಡ ಹಾಗಿದೆ ಅಂತ ನಕ್ಕಿದ್ದಳು. ಅವನೂ ನಕ್ಕಿದ್ದ. ಇನ್ನೊಂದು ಕಡೆಯವನು ಇದೇ ಊರಲ್ಲಿ ಇದ್ದಾನೆ, ಬೇಕಾದಾಗ ಸಿಗುತ್ತಾನೆ ಎಂಬ ಧೈರ್ಯ ಆಗ.

ನಾಲ್ಕನೇ ಸಲ ಹುಡುಗಿ ಯಂತ್ರವನ್ನೇ ಹಾಕಲಿಲ್ಲ. ಬಾಗಿಲು ತೆಗೆದು ಒಳಗೆ ಬಂದಳು, ಹೆಡ್‌ಫೋನನ್ನು ಅವಳೇ ಬಿಚ್ಚಿದಳು. ಅವನು ಗಂಟಲು ಸರಿಯಿಲ್ಲ ಅಂದ. ಅಂದ ಮೇಲೆ, ಈ ಮಾತನ್ನು ತಾನು ಹಿಂದೆಯೂ ಒಮ್ಮೆ ಸುಳ್ಳಿಗೆ ಬಳಸಿದ್ದೇನೆ ಎಂಬುದು ನೆನಪಾಯಿತು. ಹಾಗಾದರೆ ನನ್ನ ಸಾಲು ಮಾತ್ರ ಹಾಡಲೇ, ಅವನ ಸಾಲಿಗೆ ಜಾಗ ಖಾಲಿ ಬಿಟ್ಟು, ಅಂತ ಕೇಳಿದ. ಹುಡುಗಿ ಅವನ ಮನಸ್ಸು ನೋಯಿಸದಿರಲು ಸ್ವಲ್ಪ ಹೊತ್ತು ಯೋಚಿಸುವವಳ ಹಾಗೆ ಮಾಡಿದಳು.

"ಅರ್ಧ ಹಾಡು ಇಟ್ಕೊಂಡು ಏನ್ಮಾಡೋದು ಹೇಳಿ. ಇದನ್ನ ಹಾಡೋರು ನೀವಿಬ್ಬರೇ ಉಳಿದಿರೋದು. ಎತ್ತೋದು ಗೊತ್ತಿರೋರು ಯಾರಾದ್ರೂ ಇದ್ರೆ ಗುರುವಾರದೊಳಗೆ ಕರ್ಕೊಂಡು ಬನ್ನಿ. ಇಲ್ದಿದ್ರೆ ಈ ಹಾಡನ್ನ ಬಿಟ್ಬಿಡಬೇಕಾಗತ್ತೆ ತಾತ."

ಬಿಟ್ಟುಬಿಡುವುದು. ಅವನು ಚೀಲ ತೆಗೆದುಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಹುಡುಗಿ ಹಿಂದಿನಿಂದ ನಿಧಾನ, ನಿಧಾನ ಅನ್ನುತ್ತಿದ್ದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಅಂಗಡಿಗೆ ಹೋಗಬೇಕಿತ್ತು. ಪಕ್ಕದ ಬೀದಿಯ ಮೇಷ್ಟರ ಪ್ಯಾಂಟಿನ ಸೊಂಟ ಬಿಚ್ಚಿಟ್ಟು ಬಂದಿದ್ದ, ಒಂದು ಗಂಟೆಗೆ ಕೊಡುತ್ತೇನೆ ಅಂದಿದ್ದ. ಆದರೆ ಕಾಲು ಇನ್ನೊಂದು ಬದಿಯ ಬಸ್ ನಿಲ್ದಾಣಕ್ಕೆ ಹೋಯಿತು, ಬಂದ ಬಸ್ಸು ಹತ್ತಿಯೂ ಆಯಿತು. ಯಾರ ಮನೆಗೆ ಎಂದು ಅವನಿನ್ನೂ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಬಸ್ಸಿನಲ್ಲಿ ನಿಲ್ದಾಣಗಳ ಹೆಸರನ್ನು ಈಗ ಒಂದು ಯಂತ್ರ ಹೇಳುತ್ತಿತ್ತು. ಕಂಡಕ್ಟರ್ ಹೇಳುವಾಗ ಮಲಗಿದವರೂ ಏಳುತ್ತಿದ್ದರು. ನಿಲ್ದಾಣದ ಹೆಸರಿನ ಕೊನೆಯ ಅಕ್ಷರವನ್ನು ಅವನು ಎತ್ತಿ ಬಿಡುತ್ತಿದ್ದ ರೀತಿಗೆ, ಹಿಂದಿನ ಸೀಟಿನಲ್ಲಿ ಕೂತ ಟೈಲರ್ ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಕಾಗುತ್ತಿತ್ತು, ಇಲ್ಲದಿದ್ದರೆ ಹಿಡಿದುಬಿಡುತ್ತಿದ್ದ. ಒಮ್ಮೆ ಹಿಡಿದೂಬಿಟ್ಟಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು, ಕಂಡಕ್ಟರ್ ಟಿಕೆಟ್ಟಿನ ಚೀಲ ತಟ್ಟಿಕೊಂಡು ನಕ್ಕಿದ್ದ, ಡ್ರೈವರ್ ಹಾರ್ನ್ ಹೊಡೆದಿದ್ದ. ಅಷ್ಟು ಸುಖವಾಗಿ ಆಮೇಲೆ ಎಂದಾದರೂ ನಕ್ಕಿದ್ದೆನೇ ಎಂದು ಯೋಚಿಸಿದರೆ ನೆನಪಾಗಲಿಲ್ಲ.

ಕಂಡಕ್ಟರನ ಕೋಟನ್ನು ಹೊಲಿದದ್ದೂ ಟೈಲರೇ. ಇಬ್ಬರೂ ಕೂಡಿ ಹಾಡಿದ ಕೊನೆಯ ಕಾರ್ಯಕ್ರಮಕ್ಕೆ ಹತ್ತು ದಿನ ಮೊದಲು ಕಂಡಕ್ಟರ್ ಅಂಗಡಿಗೆ ಬಂದು, ಹಳೇ ಕೋಟು ದೊಗಳೆಯಾಗಿದೆ ಕಣೋ, ಹೊಸದು ಹೊಲಿ ಅಂದಿದ್ದ. ಎದೆಗೆ ಟೇಪು ಸುತ್ತಿ, ಉಸಿರು ಎಳ್ಕೋ ಅಂದಿದ್ದ ಟೈಲರ್. ಎಳೆದುಕೊಂಡದ್ದಾಯಿತು ಅಂದ ಕಂಡಕ್ಟರ್. ಟೇಪು ಅರ್ಧ ಅಂಗುಲವೂ ಸರಿದಿರಲಿಲ್ಲ. ಮೂರು ಅಂಗುಲ ಸರಿಯುತ್ತಿದ್ದ ಎದೆ ಅದು. ಇನ್ನೊಂದ್ಸಲ ಎಳ್ಕೋ ಅಂದಾಗ, ಎಷ್ಟು ಸಲ ಎಳೆಯೋದು, ಕೋಟು ಹೊಲೀತೀಯೋ ಡಾಕ್ಟರಿಕೆ ಮಾಡ್ತೀಯೋ ಅಂತ ಗದರಿದ್ದ. ಟೈಲರ್ ಏನೂ ಹೇಳದೆ ಅಳತೆ ಬರೆದುಕೊಂಡಿದ್ದ. ಅಂದರೆ ಅವನಿಗೆ ಗೊತ್ತಿತ್ತು. ಈ ಒಂದು ಸಂಗತಿಯನ್ನು ಅವನು ಹದಿನಾಲ್ಕು ತಿಂಗಳಿಂದ ಹೇಗೆ ಮಗುಚಿ ನೋಡಿದರೂ ಅದು ಹಾಗೇ ಇರುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಲ್ಲ, ಅರ್ಧ ಅಂಗುಲ ಅಂತ ತನ್ನದೇ ಕೈಯಲ್ಲಿ ಬರೆದುಕೊಂಡು ಮಾಡಿದ್ದು.

ಅವತ್ತು ದೊಡ್ಡ ಸಭಾಂಗಣ, ಮುನ್ನೂರು ಕುರ್ಚಿ, ಮುಕ್ಕಾಲು ತುಂಬಿತ್ತು. ನಿರೂಪಣೆಗೆ ನಿಂತವನು ಕಾಗದ ನೋಡಿಕೊಂಡು ಕಂಡಕ್ಟರನ ಬಗ್ಗೆ ಒಂದು ಪುಟ ಓದಿದ, ಕೊನೆಗೆ 'ಮತ್ತು ಸಂಗಡಿಗರು' ಅಂದ. ಸಂಗಡಿಗರು ಯಾರಪ್ಪ ಅಂತ ಟೈಲರ್ ನಿಜವಾಗಿಯೂ ಹಿಂದೆ ತಿರುಗಿ ನೋಡಿದ, ಪರದೆ ಮಾತ್ರ ಇತ್ತು. ಆಮೇಲೆ ಒಂದು ಫಲಕ ಕೊಟ್ಟರು, ಒಂದೇ. ಕಂಡಕ್ಟರ್ ಅದನ್ನು ಇಸಿದುಕೊಂಡು ಎರಡು ಮಾತಾಡಿದ, ಆ ಎರಡು ಮಾತಿನಲ್ಲೂ ಇವನಿರಲಿಲ್ಲ. ಹೊಸತೇನಲ್ಲ. ಐವತ್ತು ವರ್ಷದಲ್ಲಿ ಪತ್ರಿಕೆಯ ಫೋಟೋದಲ್ಲಿ ಇವನ ಮೊಣಕೈ ಮಾತ್ರ ಬಂದದ್ದಿತ್ತು, ಊಟದ ಪಂಕ್ತಿಯಲ್ಲಿ ನೀವು ಯಾರ ಕಡೆಯವರು ಅಂತ ಕೇಳಿದ್ದಿತ್ತು, ಅದನ್ನೆಲ್ಲ ಮನೆಗೆ ಬಂದು ಹೆಂಡತಿಗೆ ಅಭಿನಯಿಸಿ ತೋರಿಸಿ ನಗಿಸಿದ್ದ. ಅವತ್ತು ಮಾತ್ರ ಯಾಕೋ ನಗು ಬರಲಿಲ್ಲ. ಮನಸ್ಸು ಹುಳಿ ಹುಳಿಯಾಯಿತು. ಬೆನ್ನಿಗೆ ಬೆನ್ನು ಹಚ್ಚಿ ಕೂತಾಗ ಹೊಸ ಕೋಟಿನ ಬಟ್ಟೆಯ ಬಿಸಿ ತಗುಲಿತು, ಈ ಕೋಟನ್ನೂ ನಾನೇ ಹೊಲಿದದ್ದು ಅನ್ನಿಸಿತು. ಹದಿನೇಳನೇ ಜೋಡಿಯಲ್ಲಿ, ಸಾಲಿನ ನಡುವೆ, ಕಂಡಕ್ಟರನ ಪಕ್ಕೆಲುಬು ಖಾಲಿಯಾಯಿತು. ಸಭೆಗೆ ಇನ್ನೂ ಗೊತ್ತಾಗಿರಲಿಲ್ಲ. ಟೈಲರ್ ರೂಢಿಯಂತೆ ಉಸಿರು ಎಳೆದುಕೊಂಡ, ಎದೆ ತುಂಬ, ತುಂಬಿಕೊಡಲಿಕ್ಕೆ. ಎಳೆದುಕೊಂಡವನು ಬಿಡಲಿಲ್ಲ. ಒಂದು. ಎಣಿಸಿದ್ದು ಅವನಿಗೆ ಈಗಲೂ ನೆನಪಿದೆ. ಎರಡು. ಬೆನ್ನ ಹಿಂದಿನ ಬೆನ್ನು ತನ್ನನ್ನು ಒತ್ತಿತು, ಬಾಗಿಲು ತಟ್ಟುವವರ ಹಾಗೆ. ಮೂರು. ಯಾರೋ ಕೆಮ್ಮಿದರು, ಮುಂದಿನ ಸಾಲಿನಲ್ಲಿ ಒಬ್ಬ ಪಕ್ಕದವನ ಕಡೆ ಬಾಗಿದ. ನಾಲ್ಕು. ಸಭೆಯ ಹಿಂದಿನ ಸಾಲಿನಿಂದ ಒಂದು ಸಣ್ಣ ನಗೆ ಕೇಳಿತು, ಅದನ್ನು ಇಬ್ಬರೂ ಕೇಳಿದರು. ಆಮೇಲೆ ಅವನು ತನ್ನ ಸಾಲು ಹಿಡಿದ, ಹಾಡು ಮುಂದೆ ಹೋಯಿತು, ಇಪ್ಪತ್ತೆರಡೂ ಮುಗಿಯಿತು, ಚಪ್ಪಾಳೆ ಬಿತ್ತು. ವಾಪಸು ಬರುವಾಗ ಕಾರಿನಲ್ಲಿ ಕಂಡಕ್ಟರ್ ಕಿಟಕಿಯಾಚೆ ನೋಡಿಕೊಂಡು, ಗಂಟಲು ಕಟ್ಟಿತ್ತೇನೋ ಅಂತ ಕೇಳಿದ. ಹ್ಞೂಂ ಅಂದ ಟೈಲರ್. ಗಂಟಲು ಕಟ್ಟಿದವನ ಬೆನ್ನು ಹಾಗೆ ತುಂಬಿರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಫಲಕ ಅವರಿಬ್ಬರ ನಡುವೆ ಸೀಟಿನ ಮೇಲೆ ಇತ್ತು.

ಹದಿನೈದು ದಿನಕ್ಕೆ ಕಂಡಕ್ಟರ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ವಯಸ್ಸು, ರಕ್ತದೊತ್ತಡ, ನೂರು ಕಾರಣ ಇರುತ್ತದೆ ಅಂದರು ಡಾಕ್ಟರು. ನೂರೊಂದನೆಯದನ್ನು ಟೈಲರ್ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಹೋದ, ವಾರ್ಡಿನ ಬಾಗಿಲ ಗಾಜಿನಿಂದ ನೋಡಿದ. ಬಾಯಿ ಒಂದು ಕಡೆ ಜಾರಿದ್ದ ಆ ಮುಖ ತನ್ನ ಕಡೆ ತಿರುಗುವ ಮೊದಲೇ ಅಲ್ಲಿಂದ ಕಾಲು ಕಿತ್ತ. ಮನೆಯಲ್ಲಿ ಮಾತ್ರ ನೋಡಿಕೊಂಡು ಬಂದೆ ಅಂದ. ಅಂದದ್ದನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಪ್ರತಿ ಭಾನುವಾರ ಒಗೆದ ಅಂಗಿ ಹಾಕಿಕೊಂಡು, ಕಂಡಕ್ಟರನ್ನ ನೋಡಿ ಬರ್ತೀನಿ ಅಂತ ಹೊರಡುವನು, ಇದೇ ಬಸ್ಸು ಹತ್ತುವನು, ಅವನ ಮನೆಯೆದುರಿನ ಪಾರ್ಕಿನ ಬೆಂಚಿನಲ್ಲಿ ಒಂದು ಗಂಟೆ ಕೂತು ವಾಪಸಾಗುವನು. ಹೇಗಿದ್ದಾನೆ ಅಂತ ಹೆಂಡತಿ ಕೇಳಿದರೆ, ಸ್ವಲ್ಪ ವಾಸಿ ಅನ್ನುವನು. ಹದಿನಾಲ್ಕು ತಿಂಗಳು ಸ್ವಲ್ಪ ಸ್ವಲ್ಪವೇ ವಾಸಿಯಾದ ಕಂಡಕ್ಟರ್ ಈ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಎದ್ದು ಓಡಾಡಬೇಕಿತ್ತು. ಹೆಂಡತಿ ಒಂದು ದಿನವೂ ಹಾಗೆ ಕೆಣಕಲಿಲ್ಲ, ಅದೂ ಅವನಿಗೆ ಭಾರವೇ.

ಇವತ್ತು ಮಂಗಳವಾರ. ಬಸ್ಸಿಳಿದು ಪಾರ್ಕಿನೊಳಗೆ ಬಂದರೆ ಅವನ ಬೆಂಚಿನಲ್ಲಿ ಇಬ್ಬರು ಹೆಂಗಸರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಬೇರೆ ಬೆಂಚುಗಳು ಇದ್ದವು, ಆದರೆ ಅವನಿಗೆ ಅಲ್ಲಿ ಕೂರುವುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಾಡಿಗೆ ಮನೆಯಿಂದ ಹೊರಹಾಕಿಸಿಕೊಂಡವನ ಹಾಗೆ ಚೀಲ ಹಿಡಿದು ನಿಂತ. ಆ ಹೆಂಗಸರಲ್ಲಿ ಒಬ್ಬಳು ಯಾಕೆ ನಿಂತಿದ್ದೀಯಪ್ಪ ಎಂಬಂತೆ ನೋಡಿದಳು. ನಾಚಿಕೆಯಾಗಿ ರಸ್ತೆ ದಾಟಿದ. ದಾಟಿದ ಮೇಲೆ ಎದುರಿಗೆ ಇದ್ದದ್ದು ಆ ಕಟ್ಟಡದ ಮೆಟ್ಟಿಲೇ. ಹತ್ತಿದ. ಎರಡನೇ ಮಹಡಿ, ಹಸಿರು ಬಣ್ಣದ ಬಾಗಿಲು. ಏನು ಹೇಳಬೇಕು ಅಂತ ಹದಿನಾಲ್ಕು ತಿಂಗಳು ಬೆಂಚಿನಲ್ಲಿ ಕೂತು ಕಟ್ಟಿದ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. ಬೆಲ್ ಒತ್ತಿದ.

ಕಂಡಕ್ಟರನ ಹೆಂಡತಿ ಬಾಗಿಲು ತೆಗೆದಳು. ಅವನನ್ನು ನೋಡಿ ಆಶ್ಚರ್ಯಪಡುತ್ತಾಳೆ, ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, "ಬನ್ನಿ" ಅಂದಳು, ನಿನ್ನೆ ಬಂದು ಹೋದವನಿಗೆ ಅನ್ನುವ ಹಾಗೆ. ಆಮೇಲೆ ಬಗ್ಗಿ ಚಪ್ಪಲಿ ಬಿಡುತ್ತಿದ್ದವನಿಗೆ, "ಇವತ್ತು ಭಾನುವಾರ ಅಲ್ವಲ್ಲ, ಅದಕ್ಕೆ ಇವರಿಗೆ ಗಡ್ಡ ಮಾಡಿಲ್ಲ" ಅಂತ ಸೇರಿಸಿದಳು.

ಟೈಲರ್‌ಗೆ ಅರ್ಥವಾಗಲಿಲ್ಲ. ಭಾನುವಾರ ಏನು ಅತ್ತಿಗೆ ಅಂತ ಕೇಳಿದ.

"ಭಾನುವಾರ ನೀವು ಬರ್ತೀರಲ್ಲ. ಆ ಬೆಂಚಿಗೆ. ಇವರು ಬೆಳಿಗ್ಗೆಯಿಂದ ಕೆನ್ನೆ ತೋರಿಸಿ ತೋರಿಸಿ ಗಡ್ಡ ಮಾಡಿಸ್ಕೋತಾರೆ. ಮಂಚಾನೂ ಕಿಟಕಿ ಹತ್ರ ಹಾಕಿಸ್ಕೊಂಡಿದ್ದು ಅದಕ್ಕೇ. ನೀವು ಎದ್ದು ಹೋಗೋವರೆಗೆ ನೋಡ್ತಾ ಇರ್ತಾರೆ."

ಅವನು ಬಿಟ್ಟ ಚಪ್ಪಲಿಯನ್ನೇ ಮತ್ತೆ ಜೋಡಿಸುತ್ತ ಬಗ್ಗಿಯೇ ಇದ್ದ. ಯಾಕೆ ಕರೆಯಲಿಲ್ಲ ಅಂತ ಕೇಳಬೇಕೆನಿಸಿತು, ಕೇಳುವ ಮುಖ ಇರಲಿಲ್ಲ. ಅವಳೇ ಹೇಳಿದಳು, ಒಂದು ಸಲ ಕರೆಯೋಕೆ ಹೊರಟಿದ್ದೆ, ಇವರು ಎಡಗೈಯಲ್ಲಿ ನನ್ನ ಸೆರಗು ಹಿಡ್ಕೊಂಡು ಬಿಡಲೇ ಇಲ್ಲ. ಅಷ್ಟು ಹೇಳಿ ಅವಳು ಒಳಗೆ ಚಹಾಕ್ಕೆ ನೀರಿಟ್ಟಳು. ಪಾತ್ರೆಯ ಸದ್ದು ಕೇಳಿತು.

ಕಿಟಕಿ ಪಕ್ಕದ ಮಂಚದಲ್ಲಿ ಕಂಡಕ್ಟರ್ ಎರಡು ದಿಂಬಿಗೆ ಒರಗಿ ಕೂತಿದ್ದ. ಎರಡು ದಿನದ ಬಿಳಿ ಗಡ್ಡ. ಅಂಗಿಯ ಭುಜ ಜಾರಿತ್ತು, ಟೈಲರನ ಕಣ್ಣು ಮೊದಲು ಅಳತೆಗೆ ಹೋಯಿತು, ಎದೆ ಮೂವತ್ತೆರಡು ಅಂಗುಲವೂ ಇರಲಾರದು. ಆಮೇಲೆ ಕಣ್ಣಿಗೆ ಕಣ್ಣು ಸೇರಿತು. ತಿರುಗಿ ಹೋಗಬೇಕು ಅನ್ನಿಸಿತು, ಕೂತ. ಕೂತು, ಹುಡುಗಿಯ ವಿಷಯ, ಸ್ಪಂಜಿನ ಗೋಡೆಯ ವಿಷಯ, ಗುರುವಾರದ ವಿಷಯ, ಎಲ್ಲವನ್ನೂ ಒಂದರ ಮೇಲೊಂದು ಹೇಳಿದ. ನನಗೆ ಎತ್ತೋಕೆ ಬರಲ್ಲ, ನಿನಗೆ ಗೊತ್ತಲ್ಲ, ನಾನು ಒಂದು ಸಾಲೂ ಎತ್ತಿದವನಲ್ಲ ಅಂದ. ಕಂಡಕ್ಟರನ ಬಾಯಿಯ ಸರಿಯಿದ್ದ ತುದಿ ಸ್ವಲ್ಪ ಅಲುಗಿತು. ನಗುವೋ, ಸೆಳೆತವೋ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದವಳನ್ನು ನೋಡಿ ಅವನಿಗೆ ಒಂದು ಆಸೆ ಹುಟ್ಟಿತು. ನಲವತ್ತು ವರ್ಷ ಈ ಮನೆಯಲ್ಲಿ ಕೇಳಿಸಿಕೊಂಡಿದ್ದೀರಿ, ಎತ್ತುವ ಸಾಲು ನಿಮಗೆ ಬರುತ್ತಾ ಅತ್ತಿಗೆ ಅಂತ ಕೇಳಿದ.

"ನಂಗೆಲ್ಲಿ ಬರುತ್ತೆ, ನಂಗೂ ಹಿಡಿಯೋದೇ ಗೊತ್ತು" ಅಂದಳು ಅವಳು. "ಹಿಡಿಯೋರಿಲ್ದೆ ಇವರಿಗೆ ಎತ್ತೋಕೇ ಆಗ್ತಿರಲಿಲ್ಲ. ಡ್ಯೂಟಿಗೆ ಹೋಗೋ ಮೊದಲು ದಿನಾ ಬೆಳಿಗ್ಗೆ ನಾನು ತರಕಾರಿ ಹೆಚ್ಚೋ ಕಡೆ ಬಂದು ಬೆನ್ನು ಹಚ್ಚಿ ಕೂತುಬಿಡೋರು. ನಿಮ್ಮಷ್ಟು ಚೆನ್ನಾಗಿಲ್ಲ ಬಿಡಿ."

ಟೈಲರ್ ಚಹಾದ ಲೋಟ ಇಸಿದುಕೊಂಡ. ದಿನಾ ಬೆಳಿಗ್ಗೆ. ಅವನು ಅಂಗಡಿಯ ಬಾಗಿಲು ತೆಗೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ಸಂಜೆ ಇಬ್ಬರೂ ಹಾಡಲು ಕೂರುವುದನ್ನೇ ಕಾಯುತ್ತಿದ್ದ ಆ ಬೆಳಗುಗಳಲ್ಲೆಲ್ಲ ಆ ಬೆನ್ನು ಇನ್ನೊಂದು ಬೆನ್ನಿಗೆ ಒರಗಿತ್ತು. ಗಂಡನ ಬೆನ್ನು ಹೆಂಡತಿಗೆ ಒರಗಿದರೆ ಹೊಟ್ಟೆಕಿಚ್ಚು ಪಡುವ ಮುದುಕ ಈ ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಅನ್ನಿಸಿ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯೂ ಆಯಿತು, ನಗುವೂ ಬಂತು. ಹಿಡಿಯುವವರು ಇಬ್ಬರು, ಎತ್ತುವವನು ಒಬ್ಬ, ಅವನಿಗೆ ಮಾತಿಲ್ಲ. ಹಾಡು ಹೋಯಿತು ಹಾಗಾದರೆ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು, ಎರಡು ಗುಟುಕಿಗೆ ಮುಗಿಸಿದ.

"ಅವತ್ತು ಮನೆಗೆ ಬಂದು ಹೇಳಿದ್ರು," ಅವಳು ಖಾಲಿ ಲೋಟಕ್ಕೆ ಕೈ ಚಾಚಿ ಅಂದಳು, "ಪಾಪ ಅವನಿಗೆ ಗಂಟಲು ಕಟ್ಟಿತ್ತು ಕಣೇ, ಇಲ್ದಿದ್ರೆ ಅವನು ಬಿಡೋನಲ್ಲ ಅಂತ. ಎರಡು ಮೂರು ಸಲ ಹೇಳಿದ್ರು."

ಟೈಲರ್ ಲೋಟ ಕೊಟ್ಟ. ಎರಡು ಮೂರು ಸಲ. ಒಂದು ಸಲ ಹೇಳಿದ್ದರೆ ನಂಬಿದ್ದ ಅನ್ನಬಹುದಿತ್ತು. ಕಂಡಕ್ಟರ್ ಕಿಟಕಿಯಾಚೆ ನೋಡುತ್ತಿದ್ದ, ಕಾರಿನಲ್ಲಿ ನೋಡಿದ ಹಾಗೆಯೇ. ಅಲ್ಲಿಂದ ಬೆಂಚು ಚೆನ್ನಾಗಿ ಕಾಣುತ್ತಿತ್ತು, ಹೆಂಗಸರು ಡಬ್ಬಿ ಮುಚ್ಚುತ್ತಿದ್ದದ್ದೂ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ಟೈಲರ್‌ಗೆ ಗೊತ್ತಿರಲಿಲ್ಲ. ತಾನು ಅಲ್ಲಿ ಮೂಗು ಒರೆಸಿಕೊಂಡದ್ದು, ಗಡಿಯಾರ ನೋಡಿಕೊಂಡದ್ದು, ಹೋಗಲೋ ಬೇಡವೋ ಅಂತ ಎದ್ದು ಮತ್ತೆ ಕೂತದ್ದು, ಎಲ್ಲವನ್ನೂ ಹೊಸದಾಗಿ ಗಡ್ಡ ಮಾಡಿಸಿಕೊಂಡ ಈ ಮುಖ ನೋಡಿತ್ತು.

"ಗಂಟಲು ಕಟ್ಟಿರಲಿಲ್ಲ ಕಣೋ," ಟೈಲರ್ ಅಂದ. ದನಿ ಹೊಲಿಗೆ ಯಂತ್ರದ ಮುಂದೆ ಕೂತು ಅಳತೆ ಹೇಳುವಾಗಿನಷ್ಟೇ ಸಣ್ಣಗಿತ್ತು. "ಬೇಕು ಅಂತಾನೇ ಸುಮ್ಮನಿದ್ದೆ. ನಾಲ್ಕು ಎಣಿಸಿದೆ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅವಳು ಕೇಳಿಸಿಕೊಂಡಳು ಅಂತ ಅವನಿಗೆ ಗೊತ್ತಾಯಿತು. ಹೇಳಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ, ಅವನಿಗೆ ಹಾಗೇನೂ ಆಗಲಿಲ್ಲ, ಬಹಳ ದೂರ ನಡೆದು ಬಂದವನ ಹಾಗೆ ಬರೀ ಸುಸ್ತಾಯಿತು, ಅಲ್ಲೇ ಆ ಮಂಚದ ಕಾಲ ಬುಡದಲ್ಲಿ ಮಲಗಿಬಿಡೋಣ ಅನ್ನಿಸಿತು. ಕಂಡಕ್ಟರ್ ತಿರುಗಲಿಲ್ಲ. ಅವನ ಎಡಗೈ ಹೊದಿಕೆಯ ಮೇಲೆ ಸರಿದು ಬಂತು. ದಿಂಬನ್ನು ಹಿಡಿದು ಎಳೆಯಲು ನೋಡಿತು, ಆಗಲಿಲ್ಲ, ಮತ್ತೆ ಎಳೆಯಿತು. ದಿಂಬು ತೆಗೆಯಬೇಕಂತೆ. ಟೈಲರ್ ಎದ್ದು ಒಂದು ದಿಂಬು ತೆಗೆದ. ಕೈ ಇನ್ನೂ ಆಡುತ್ತಿತ್ತು. ಎರಡನೆಯದನ್ನೂ ತೆಗೆದ. ಒರಗಲು ಏನೂ ಇಲ್ಲದೆ ಕಂಡಕ್ಟರ್ ಒಂದು ಕಡೆಗೆ ವಾಲತೊಡಗಿದ. ಬೀಳುತ್ತಾನೆ ಎಂದು ಗಾಬರಿಯಾಗಿ ಟೈಲರ್ ಅವನ ಭುಜ ಹಿಡಿದ, ಹಿಡಿದವನಿಗೆ ಆಮೇಲೆ ಹೊಳೆಯಿತು. ಮಂಚದ ಮೇಲೆ ಹತ್ತಿದ. ಮಂಡಿ ನೋವು, ಕಾಲು ಮಡಚಲು ಹೊತ್ತು ಹಿಡಿಯಿತು. ತಿರುಗಿ ಕೂತು ತನ್ನ ಬೆನ್ನನ್ನು ಅವನ ಬೆನ್ನಿಗೆ ಕೊಟ್ಟ.

ಎಲುಬು. ಮೊದಲು ಗೊತ್ತಾದದ್ದು ಅದು. ಆ ಅಗಲ ಬೆನ್ನು ಎಲ್ಲಿ ಹೋಯಿತು? ಬಲಗಡೆಯ ಅರ್ಧ ಬೆನ್ನು ಚೀಲದಂತೆ ಜೋತುಬಿದ್ದಿತ್ತು, ಆ ಭಾರವನ್ನೆಲ್ಲ ಇವನು ತನ್ನ ಎಡಕ್ಕೆ ತೆಗೆದುಕೊಂಡ. ಎಡಗಡೆ ಮಾತ್ರ ಉಸಿರು ಬಂದು ಹೋಗುವುದು ತಿಳಿಯುತ್ತಿತ್ತು, ಚಿಕ್ಕದು, ಅರ್ಧ ಅಂಗುಲವೂ ಇಲ್ಲ. ಇಬ್ಬರೂ ಹಾಗೇ ಕೂತರು. ಅಡುಗೆಮನೆಯ ಬಾಗಿಲಲ್ಲಿ ಅವಳು ಒದ್ದೆ ಕೈಯಲ್ಲಿ ನಿಂತದ್ದು ಟೈಲರ್‌ಗೆ ಕಂಡಿತು. ಅವಳು ಅಲ್ಲಿಂದ ಹೋಗಲಿಲ್ಲ. ಆಗ ಹಿಂದಿನ ಬೆನ್ನು ತುಂಬಿಕೊಳ್ಳತೊಡಗಿತು. ಎತ್ತುವ ಮೊದಲು ಕಂಡಕ್ಟರ್ ಎಳೆದುಕೊಳ್ಳುತ್ತಿದ್ದ ಉಸಿರು ಅದು, ಕೊನೆಯಲ್ಲಿ ಒಂದು ಸಣ್ಣ ಜಗ್ಗು ಇರುತ್ತಿತ್ತು, ಈಗಲೂ ಇತ್ತು. ದನಿ ಬಂತು. ಮಾತಿರಲಿಲ್ಲ, ಮಾತಿನ ಆಕಾರವೂ ಇರಲಿಲ್ಲ, ಬಾಯಿಂದ ಬಂದದ್ದೋ ಎದೆಯೊಳಗೇ ಉಳಿದದ್ದೋ ಹೇಳಲಾಗದ ಒಡಕು ಗುನುಗು. ಕಿವಿಗಿಂತ ಹೆಚ್ಚಾಗಿ ಬೆನ್ನಿಗೇ ಅದು ಕೇಳಿಸಿತು. ಮೇಲಕ್ಕೆ ಹೋಯಿತು. 'ದೀಪ' ಇರಬೇಕಾದ ಕಡೆ ಟೈಲರ್ ಬೆಳಗಿನಿಂದ ಹುಡುಕಿದ್ದ ಜಾಗ ಇತ್ತು, ಎಷ್ಟು ಸುಲಭದ ಜಾಗ, ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಮೇಲೆ, ಅಷ್ಟೆ. ಅಲ್ಲಿಗೆ ಬಂದು ಆ ಗುನುಗು ನಿಂತಿತು. ಬೆನ್ನು ಖಾಲಿಯಾಯಿತು.

ಉಸಿರು ಮುಗಿದು ನಿಂತನೋ, ಬೇಕು ಅಂತಲೇ ನಿಲ್ಲಿಸಿ ನೋಡುತ್ತಿದ್ದಾನೋ, ಟೈಲರ್‌ಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಎಣಿಸದೆ, ಬಾಯಿ ತೆರೆದು, ಅವನ ದನಿಯಲ್ಲೇ ತುಂಬಿದ.